ಕೂಸಿನ ‘ಒಲ್ಲೆ’, ಹಿರಿಯರ ‘ಬ್ಯಾಡ’



ಈ ಸಲದ ಪಾಠಕ್ಕೆ ದೊಡ್ಡ ವಿಷಯವನ್ನೇನೂ ಆರಿಸಿಕೊಂಡಿಲ್ಲ. ಎರಡು-ಎರಡೂವರೆ ವರ್ಷದ ಕೂಸು ಇರುವ ಮನೆಯಲ್ಲಿ ಮುಂಜಾನೆಯ ಕೆಲಸ ಹೇಗೆ ಸಾಗಬೇಕು, ಕೂಸಿನ ಯಾವ ಹಟಕ್ಕೆ ಎದುರು ನಿಲ್ಲಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂಬುದಷ್ಟೇ ವಿಷಯ. ಇದು ಹೆಣ್ಣುಮಕ್ಕಳ ಮಾತೆಂದು ಗಂಡಸರು ಪುಟ ತಿರುವಬಾರದು. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಒಂದು ಮುಂಜಾನೆಯ ಅನುಭವ ಆ ತಿಳುವಳಿಕೆಯನ್ನು ತಪ್ಪೆಂದು ತೋರಿಸಿತು.

ನನ್ನ ತಮ್ಮನ ಹೆಂಡತಿ ಎರಡನೆಯ ಹೆರಿಗೆಗೆ ದವಾಖಾನೆಯಲ್ಲಿದ್ದಳು. ಅವಳ ಸಂಗಡ ನನ್ನ ತಾಯಿಯವರೂ ಮನೆಯವರೂ ಹೋಗಿದ್ದರು. ತಮ್ಮ ಮಾರ್ಕೆಟ್ ಯಾರ್ಡಿಗೆ ಹೋದ. ಅವನ ಎರಡೂವರೆ ವರ್ಷದ ಮಗಳೂ ನಾನೂ ಮನೆಯಲ್ಲಿ ಉಳಿದೆವು. ಒಂದು ಮುಂಜಾನೆಯ ಮಾತು, ನೋಡಿಕೊಂಡರಾಯಿತು ಎಂದುಕೊಂಡೆ. ನಳ ಬಂದಿತ್ತು, ನೀರು ತುಂಬಬೇಕು. ಸ್ನಾನಕ್ಕೆ ನೀರು ಕಾಯಿಸಬೇಕು. ರಾತ್ರಿಯ ಪಾತ್ರೆ ತೊಳೆಯಬೇಕು. ದವಾಖಾನೆಗೆ ಬುತ್ತಿ ಮುಟ್ಟಿಸಬೇಕು. ಕೂಸಿಗೆ ಇದಾವುದರ ಗೊಡವೆ ಇಲ್ಲ. ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡಿತು. ನಾನು ‘ಬ್ಯಾಡ’ ಎಂದೆ. ತನ್ನ ಬಟ್ಟಲು ಬಿಟ್ಟು ಮುತ್ಯಾನ ವಾಟಗದಲ್ಲಿಯೇ ಹಾಲು ಬೇಕೆಂದಿತು, ‘ಬ್ಯಾಡ’ ಎಂದೆ. ಕಸಬರಿಗಿ ಹಿಡಿಯಿತು, ಬ್ಯಾಡ. ಹಿಟ್ಟಿನ ಡಬ್ಬಿಯಲ್ಲಿ ಕೈ ಹಾಕಿತು, ಬ್ಯಾಡ. ಅಂಗಿಯನ್ನು ಹಿಂದುಮುಂದು ತೊಟ್ಟುಕೊಂಡಿತು, ಅದಕ್ಕೂ ಬ್ಯಾಡ.

ಕಾದ ನೀರಿನ ಬಕೀಟು ತಂದು ಬಚ್ಚಲಲ್ಲಿಟ್ಟು, ತಣ್ಣೀರು ತರಲಿಕ್ಕೆ ಎರಡು ಹೆಜ್ಜೆ ಸರಿದೆ. ತಿರುಗಿ ನೋಡುವದರಲ್ಲಿ ಕೂಸು ಬಕೀಟಿನ ಮುಂದೆ ನಿಂತಿದೆ. “ಬ್ಯಾಡ ಯವ್ವಾ!” ಎಂದು ಚೀರಿದೆ. ಅದು ನನ್ನ ಕಡೆ ನೋಡಿತು, ನಕ್ಕಿತು, ಕೈ ಅದ್ದಿತು.

ದೇವರು ದೊಡ್ಡವನು, ನಾಲ್ಕು ಬೆರಳಿನ ತುದಿಯಷ್ಟೇ ಸುಟ್ಟಿತು. ಕೂಡಲೇ ನಳದ ಕೆಳಗೆ ಕೈ ಹಿಡಿದೆ, ಆ ಮೇಲೆ ಡಾಕ್ಟರರಲ್ಲಿ ಹೋದೆ. ವಾರದಲ್ಲಿ ವಾಸಿಯಾಯಿತು. ಆದರೆ ಆ ನಗು ನನ್ನ ಕಣ್ಣಮುಂದಿನಿಂದ ಹೋಗಲಿಲ್ಲ. ಅಂದು ಮಧ್ಯಾಹ್ನ ಕೂಸು ಮಲಗಿದಾಗ ಹಾಳೆ ತೆಗೆದುಕೊಂಡು, ಮುಂಜಾನೆಯಿಂದ ಎಷ್ಟು ಸಲ ‘ಬ್ಯಾಡ’ ಎಂದೆನೆಂದು ನೆನಪು ಮಾಡಿಕೊಂಡು ಗೆರೆ ಎಳೆಯುತ್ತ ಹೋದೆ. ನೆನಪಿಗೆ ಬಂದವೇ 41. ಅವುಗಳಲ್ಲಿ ನಿಜಕ್ಕೂ ಬೇಕಾಗಿದ್ದವು ಮೂರು. ಉಳಿದ 38 ನನ್ನ ಅವಸರಕ್ಕೆ, ನನ್ನ ಶಿಸ್ತಿಗೆ, ನನ್ನ ಬೇಸರಕ್ಕೆ ಸಂಬಂಧಪಟ್ಟವು.

ಕಾಲೇಜಿನಲ್ಲಿ ಕಲಿತ ಒಂದು ಪಾಠ ಅಂದು ಮನೆಯಲ್ಲಿ ತಿಳಿಯಿತು. ಸರಕು ಹೆಚ್ಚದೆ ನೋಟು ಮಾತ್ರ ಹೆಚ್ಚಿದರೆ ನೋಟಿನ ಬೆಲೆ ಇಳಿಯುತ್ತದೆ. ‘ಬ್ಯಾಡ’ ಎಂಬ ಮಾತೂ ಹಾಗೆಯೇ. ಚಪ್ಪಲಿಗೂ ಬ್ಯಾಡ, ವಾಟಗಕ್ಕೂ ಬ್ಯಾಡ, ಕುದಿಯುವ ನೀರಿಗೂ ಅದೇ ಬ್ಯಾಡ ಎಂದರೆ, ಯಾವುದು ಯಾವುದೆಂದು ಕೂಸಿಗೆ ತಿಳಿಯುವದು ಹೇಗೆ? ನನ್ನ ಕೂಗಿಗೆ ಆ ಕೂಸು ನಕ್ಕಿದ್ದು ಉದ್ಧಟತನದಿಂದಲ್ಲ. ಆ ಮಾತಿನ ಬೆಲೆಯನ್ನು ನಾನೇ ಕಳೆದಿದ್ದೆ.

ಹಟ ಏಕೆ ಬರುತ್ತದೆ?

ಒಂದು ವರ್ಷ ದಾಟಿದ ಕೂಸಿಗೆ ತಾನು ಬೇರೆ, ತಾಯಿ ಬೇರೆ ಎಂಬುದು ತಿಳಿಯತೊಡಗುತ್ತದೆ. ಕಾಲು ಬಂದಿರುತ್ತದೆ, ಮಾತು ಪೂರ್ತಿ ಬಂದಿರುವದಿಲ್ಲ. ಮನಸ್ಸಿನಲ್ಲಿರುವದನ್ನು ಹೇಳಲು ಬಾರದಾಗ ಸಿಟ್ಟು ಬರುತ್ತದೆ. ಆಗ ಅದಕ್ಕೆ ದೊರೆಯುವ ದೊಡ್ಡ ಮಾತು ‘ಒಲ್ಲೆ’, ಎರಡನೆಯದು ‘ನಾನೇ’. ಇವೆರಡೂ ಬೆಳವಣಿಗೆಯ ಗುರುತುಗಳು. ಎಂದೂ ‘ಒಲ್ಲೆ’ ಎನ್ನದ ಕೂಸು ಶಾಣೇ ಕೂಸು ಎಂದು ತಿಳಿಯಬೇಕಾಗಿಲ್ಲ.

ಇನ್ನೊಂದು ಸಂಗತಿ. ಮನಸ್ಸಿಗೆ ಬಂದದ್ದನ್ನು ತಡೆದುಕೊಳ್ಳುವ ಶಕ್ತಿ ಮೆದುಳಿನ ಮುಂಭಾಗಕ್ಕೆ ಸೇರಿದ್ದು. ಆ ಭಾಗ ಪೂರ್ತಿ ಬಲಿಯಲಿಕ್ಕೆ 25 ವರ್ಷದ ಆಸುಪಾಸಿನವರೆಗೂ ಕಾಲ ಬೇಕು. ಎರಡು ವರ್ಷದ ಕೂಸಿಗೆ ‘ಮುಟ್ಟಬಾರದು’ ಎಂಬುದು ತಿಳಿದಿರುತ್ತದೆ, ಕೈಯನ್ನು ತಡೆಯುವದು ಮಾತ್ರ ಸಾಧ್ಯವಾಗುವದಿಲ್ಲ. ಬಾಯಲ್ಲಿ ತಾನೇ ‘ಬ್ಯಾಡ, ಬ್ಯಾಡ’ ಎನ್ನುತ್ತ ಕೈಯಿಂದ ಮುಟ್ಟುವ ಕೂಸುಗಳನ್ನು ತಾವೆಲ್ಲ ನೋಡಿದ್ದೀರಿ. ಆದ್ದರಿಂದ “ಹೇಳಿದ್ದೆನಲ್ಲ, ಆದರೂ ಮುಟ್ಟಿತು” ಎಂದು ಹೊಡೆಯುವದು ಅನ್ಯಾಯ. ಹೇಳಿದ್ದು ಅರ್ಧ ಕೆಲಸ, ವಸ್ತುವನ್ನು ಕೈಗೆ ಸಿಗದಂತೆ ಇಡುವದು ಉಳಿದ ಅರ್ಧ.

ಮೂರು ಖಾತೆಗಳು

ನಮ್ಮ ಭಾಗದ ರೈತನಿಗೆ ಈ ವಿಚಾರ ಹೊಸದಲ್ಲ. ಬಾವಿಯಲ್ಲಿ ಹಿಂಗಾರಿ ಜೋಳಕ್ಕೆ ಒಂದೇ ಸಲ ಹಾಯಿಸುವಷ್ಟು ನೀರಿದ್ದರೆ ಅವನು ಅದನ್ನು ಕಂಡಕಂಡಾಗ ಬಿಡುವದಿಲ್ಲ. ಪೈರಿಗೆ ಅತಿ ಬೇಕಾದ ಹೊತ್ತನ್ನು ಕಾಯ್ದು ಬಿಡುತ್ತಾನೆ. ವ್ಯಾಪಾರಿಯೂ ಪ್ರತಿ ನಾಲ್ಕಾಣೆಗೆ ಗಿರಾಕಿಯೊಡನೆ ಜಗಳಾಡುವದಿಲ್ಲ. ಕೂಸಿನ ಹಟಗಳನ್ನೂ ಹೀಗೆಯೇ ಮೂರು ಖಾತೆಗೆ ಹಚ್ಚಬೇಕು.

1) ಎಂದೂ ಬಿಡಬಾರದ ಖಾತೆ. ಜೀವಕ್ಕೆ, ಅಂಗಾಂಗಕ್ಕೆ ಅಪಾಯ ಇರುವವು ಇಲ್ಲಿಗೆ ಸೇರುತ್ತವೆ. ಈ ಖಾತೆ ಚಿಕ್ಕದಿರಬೇಕು, ಆದರೆ ಗಟ್ಟಿಯಾಗಿರಬೇಕು. ನಮ್ಮ ಮನೆಗಳಲ್ಲಿ ನೋಡಬೇಕಾದವು ಇವು:

ಬೆಂಕಿ ಮತ್ತು ಬಿಸಿ ನೀರು. ಬಕೀಟಿನಲ್ಲಿ ಮೊದಲು ತಣ್ಣೀರು ಹಾಕಿ ಆ ಮೇಲೆ ಬಿಸಿ ನೀರು ಬೆರೆಸಿರಿ. ನಾನು ಇಷ್ಟು ಮಾಡಿದ್ದರೆ ಆ ದಿನದ ಅನಾಹುತ ಆಗುತ್ತಿರಲಿಲ್ಲ. ಒಲೆಯ ಮೇಲಿನ ಪಾತ್ರೆಯ ಹಿಡಿಕೆ ಗೋಡೆಯ ಕಡೆ ತಿರುಗಿರಲಿ. ಸುಟ್ಟರೆ 20 ಮಿನಿಟು ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ಅರಿಷಿಣ, ಟೂಥಪೇಸ್ಟು, ಶಾಯಿ ಯಾವುದನ್ನೂ ಹಚ್ಚಬಾರದು, ಬರ್ಫ ಇಡಬಾರದು.

ತುಂಬಿಟ್ಟ ನೀರು. ನಳ ದಿನಾಲು ಬಾರದ ಓಣಿಗಳಲ್ಲಿ ಬ್ಯಾರಲ್ಲು, ಹೌದು, ಬಕೀಟುಗಳನ್ನು ತುಂಬಿಡುವದು ಅನಿವಾರ್ಯ. ಮೈಯ ಪ್ರಮಾಣಕ್ಕೆ ನೋಡಿದರೆ ಚಿಕ್ಕ ಕೂಸಿನ ತಲೆ ಭಾರ. ಬಗ್ಗಿ ನೋಡಲು ಹೋಗಿ ಮುಗ್ಗರಿಸಿದರೆ ಗೇಣು ನೀರಿನಲ್ಲಿಯೂ ಮುಳುಗಬಹುದು, ಸದ್ದು ಕೂಡ ಆಗುವದಿಲ್ಲ. ಎಲ್ಲದಕ್ಕೂ ಮುಚ್ಚಳ ಹಾಕಿರಿ, ಬಚ್ಚಲಿಗೆ ಮೇಲಿನ ಚಿಲಕ ಇರಲಿ. ಹೊಲದ ಬಾವಿ, ಕೃಷಿ ಹೊಂಡಗಳಿಗೆ ಬೇಲಿ ಇರಲಿ.

ಇಡೀ ಶೇಂಗಾ, ಪುಟಾಣಿ, ಬಾರಿಹಣ್ಣಿನ ಬೀಜ. ಶೇಂಗಾ ಇಲ್ಲದ ಮನೆ ನಮ್ಮಲ್ಲಿ ಇಲ್ಲ. ಆದರೆ ನಾಲ್ಕೈದು ವರ್ಷ ತುಂಬುವವರೆಗೆ ಇಡೀ ಕಾಳು ಕೊಡಬಾರದು. ಅದು ಉಸಿರಿನ ನಾಳಕ್ಕೆ ಇಳಿದರೆ ಪ್ರಾಣಕ್ಕೆ ಬರುತ್ತದೆ. ಶೇಂಗಾದ ಹಿಂಡಿಯನ್ನು ಖಾರ ಹಾಕದೆ ನುಣ್ಣಗೆ ಕುಟ್ಟಿ ರೊಟ್ಟಿಗೆ ಕಲಸಿ ಕೊಡಿರಿ. ಜೋಳ, ತೊಗರಿ ಹಸನ ಮಾಡುವಾಗ ಕೂಸು ಕಾಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುವದುಂಟು. ಅದನ್ನು ಮನೆಯಲ್ಲಿ ಕೆದಕಬೇಡಿರಿ, ಡಾಕ್ಟರರಲ್ಲಿ ಕರೆದುಕೊಂಡು ಹೋಗಿರಿ.

ವಿಷ. ಬೆಳೆಗೆ ಹೊಡೆಯುವ ಔಷಧ, ಸೀಮೆಎಣ್ಣೆ, ತಂಬಾಕು, ಹಿರಿಯರ ಗುಳಿಗೆ ಎಲ್ಲವೂ ಕೀಲಿಯೊಳಗೆ ಇರಬೇಕು. ಕಾಳಿನಲ್ಲಿ ಹುಳ ಬೀಳದಂತೆ ಇಡುವ ಅಲ್ಯುಮಿನಿಯಮ್ ಫಾಸ್ಫೈಡ್ ಗುಳಿಗೆಯ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ತೇವ ತಾಗಿದರೆ ಅದರಿಂದ ವಿಷದ ಗಾಳಿ ಹೊರಡುತ್ತದೆ. ಕೂಸು ಮಲಗುವ ಕೋಣೆಯಲ್ಲಿ ಅಂಥ ಚೀಲ ಇಡಲೇಬಾರದು. ಕೂಸು ಏನಾದರೂ ಕುಡಿದಿದ್ದರೆ ವಾಂತಿ ಮಾಡಿಸುವ ಪ್ರಯತ್ನ ಮಾಡದೆ, ಬಾಟಲಿ ಸಮೇತ ದವಾಖಾನೆಗೆ ಓಡಿರಿ. 108ಕ್ಕೆ ಫೋನು ಮಾಡಿದರೆ ಗಾಡಿ ಬರುತ್ತದೆ.

ರಸ್ತೆ, ಟ್ರ್ಯಾಕ್ಟರ್, ಕಣಿಕೆ ಕತ್ತರಿಸುವ ಯಂತ್ರ. ಟ್ರ್ಯಾಕ್ಟರ್ ಹಿಂದೆ ಸರಿಸುವಾಗ ಕೂಸು ಯಾರ ಕಂಕುಳಲ್ಲಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಸರಿಸಬೇಕು.

ಈ ಖಾತೆಯಲ್ಲಿ ಚೌಕಾಶಿ ಇಲ್ಲ. ಅತ್ತರೂ ಇಲ್ಲ, ಹೊರಳಾಡಿದರೂ ಇಲ್ಲ. ದೂರದಿಂದ ಕೂಗದೆ ಹತ್ತಿರ ಹೋಗಿ, ಎತ್ತಿಕೊಂಡು, ಒಂದೇ ಮಾತು ಹೇಳಬೇಕು: “ಸುಡತದ.” ಕೂಗು ಕೂಸಿಗೆ ಆಟವಾಗುತ್ತದೆ. ಎತ್ತಿಕೊಂಡ ಕೈ ಆಟವಾಗುವದಿಲ್ಲ.

2) ಚೌಕಾಶಿಯ ಖಾತೆ. ಆಗಲೇಬೇಕು, ಆದರೆ ಹೀಗೆಯೇ ಆಗಬೇಕೆಂಬ ನಿಯಮವಿಲ್ಲ, ಅಂಥವು ಈ ಖಾತೆಗೆ. ಸ್ನಾನ, ಊಟ, ಬಟ್ಟೆ, ನಿದ್ದೆ, ಆಟ ಬಿಟ್ಟು ಒಳಗೆ ಬರುವದು. ಸೊಲ್ಲಾಪುರದ ಚಾದರ ಅಂಗಡಿಯವನು ಗಿರಾಕಿಗೆ “ಚಾದರ ಬೇಕೇನು?” ಎಂದು ಕೇಳುತ್ತ ಕೂಡ್ರುವದಿಲ್ಲ. ಎರಡು ಚಾದರ ಬಿಚ್ಚಿ ಹಾಸಿ “ಇದೋ, ಅದೋ?” ಎನ್ನುತ್ತಾನೆ. ಕೂಸಿಗೆ “ಅಂಗಿ ಹಾಕ್ಕೋತಿಯೇನು?” ಎಂದರೆ ‘ಒಲ್ಲೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. “ಕೆಂಪಂಗಿನೋ, ಹಳದಿ ಅಂಗಿನೋ?” ಎಂದು ಕೇಳಿರಿ. ಅಂಗಿ ತೊಡುವದು ನಿಮ್ಮ ತೀರ್ಮಾನ, ಬಣ್ಣ ಅದರ ತೀರ್ಮಾನ. ಇಬ್ಬರ ಮಾತೂ ಉಳಿಯಿತು. ಆಟ ನಿಲ್ಲಿಸುವ ಮೊದಲು ಸೂಚನೆ ಕೊಡಿರಿ: “ಇನ್ನ ಎರಡು ಬಟ್ಟಿ ಹಿಂಡಿದ ಮ್ಯಾಲೆ ಒಳಗ ಹೋಗೂಣು.” ಕೂಸಿಗೆ ಗಡಿಯಾರ ತಿಳಿಯುವದಿಲ್ಲ, ಎರಡು ಬಟ್ಟೆ ತಿಳಿಯುತ್ತದೆ.

ಊಟದ ಜಗಳ ನಮ್ಮ ಮನೆಗಳಲ್ಲಿ ಬಹಳ. ಇದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಹುಟ್ಟಿದಾಗ ಸುಮಾರು 3 ಕಿಲೊ ಇದ್ದ ಕೂಸು ವರ್ಷ ತುಂಬುವಾಗ ಸುಮಾರು 9 ಕಿಲೊ ಆಗುತ್ತದೆ. ಅಂದರೆ ಮೊದಲ ವರ್ಷ 6 ಕಿಲೊ ಜಮಾ. ಎರಡನೆಯ ವರ್ಷ ಜಮಾ ಆಗುವದು 2ರಿಂದ 2.5 ಕಿಲೊ ಮಾತ್ರ. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. “ಮೊದಲು ಎಷ್ಟು ಚಂದ ಉಣ್ಣುತ್ತಿತ್ತು, ಈಗ ಒಲ್ಲೆನ್ನುತ್ತದೆ” ಎಂದು ತಾಯಿ ಕಣ್ಣೀರು ಹಾಕುವದು ಈ ಕಾಲದಲ್ಲಿಯೇ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದು ನಮ್ಮ ಕೈಯಲ್ಲಿರಲಿ. ಎಷ್ಟು ಉಣ್ಣಬೇಕು ಎಂಬುದನ್ನು ಕೂಸಿನ ಹೊಟ್ಟೆಗೆ ಬಿಡಿರಿ. ಸಂಶಯ ಬಂದರೆ ಚಮಚದೊಡನೆ ಯುದ್ಧ ಮಾಡದೆ ಅಂಗನವಾಡಿಗೆ ಒಯ್ದು ತೂಕ ಮಾಡಿಸಿರಿ. ತೂಕ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಕಾಳಜಿ ಇಲ್ಲ. ನಿಂತಿದ್ದರೆ, ಇಳಿದಿದ್ದರೆ ಡಾಕ್ಟರರನ್ನು ಕಾಣಬೇಕು.

ಅರ್ಧ ಹಟ ನಿದ್ದೆಗೆಟ್ಟದ್ದರಿಂದ ಬರುತ್ತದೆ. ಒಂದರಿಂದ ಎರಡು ವರ್ಷದ ಕೂಸಿಗೆ ಹಗಲು ರಾತ್ರಿ ಕೂಡಿ 11ರಿಂದ 14 ತಾಸು ನಿದ್ದೆ ಬೇಕು. ಮೂರು ವರ್ಷದ್ದಕ್ಕೆ 10ರಿಂದ 13 ತಾಸು. ಮದುವೆ, ಜಾತ್ರೆ ಎಂದು ರಾತ್ರಿ ಎಚ್ಚರಿಸಿಟ್ಟು, ಮುಂಜಾನೆ “ಇದು ಬಲು ಹಟಮಾರಿ” ಎಂದರೆ ತಪ್ಪು ಯಾರದು?

ಮೊಬೈಲಿನ ಮಾತನ್ನೂ ಇಲ್ಲಿ ಹೇಳಬೇಕು. ರೊಟ್ಟಿ ಬಡಿಯುವಷ್ಟು ಹೊತ್ತು ಸುಮ್ಮನಿರಲಿ ಎಂದು ಕೂಸಿನ ಕೈಗೆ ಮೊಬೈಲು ಕೊಡುವದು ಈಗ ಹಳ್ಳಿಯಲ್ಲಿಯೂ ಬಂದಿದೆ. ಎರಡು ವರ್ಷದೊಳಗಿನ ಕೂಸಿಗೆ ಅದು ಬೇಡ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದು ಇಂದಿನ ಜಗಳವನ್ನು ನಾಳೆಗೆ ದೂಡುವ ಉದ್ರಿ ವ್ಯವಹಾರ. ಕಸಿದುಕೊಳ್ಳುವಾಗ ಬಡ್ಡಿ ಸಮೇತ ಕೊಡಬೇಕಾಗುತ್ತದೆ.

3) ಬಿಟ್ಟುಬಿಡುವ ಖಾತೆ. ವಸೂಲಾಗದ ಬಾಕಿಗೆ ವ್ಯಾಪಾರಿ ಒಂದು ದಿನ ಗೆರೆ ಹೊಡೆಯುತ್ತಾನೆ. ಹಿಂದುಮುಂದು ತೊಟ್ಟ ಅಂಗಿ, ಅದಲುಬದಲಾದ ಚಪ್ಪಲಿ, ಮುತ್ಯಾನ ವಾಟಗ, ನೆಲದ ಮೇಲೆ ಚೆಲ್ಲಿದ ಹಿಡಿ ಹಿಟ್ಟು, ಒಂದೇ ಕಥೆಯನ್ನು ಹತ್ತು ಸಲ ಕೇಳುವದು, ಮಡಚಿಟ್ಟ ಬಟ್ಟೆಯನ್ನು ಮತ್ತೆ ಬಿಚ್ಚುವದು, ಇವೆಲ್ಲ ಇಲ್ಲಿಗೆ. ಹಿಡಿ ಹಿಟ್ಟಿನ ಕಿಮ್ಮತ್ತು ಎಷ್ಟು, ಒಂದು ‘ಬ್ಯಾಡ’ದ ಕಿಮ್ಮತ್ತು ಎಷ್ಟು ಎಂದು ತೂಗಿ ನೋಡಿರಿ. ನನ್ನ 38 ಈ ಖಾತೆಯಲ್ಲಿಯೇ ಹೋಗಬೇಕಾಗಿದ್ದವು.

ಕೆಲಸದಲ್ಲಿ ಪಾಲು ಕೊಡಿರಿ

ರೊಟ್ಟಿ ಬಡಿಯುವದೂ ಕಾಯಕ, ಕೂಸು ನೋಡುವದೂ ಕಾಯಕ. ಎರಡೂ ಒಂದೇ ಹೊತ್ತಿಗೆ ಬಂದಾಗ ಕೂಸನ್ನು ಕೆಲಸದಿಂದ ದೂರ ಮಾಡುವ ಪ್ರಯತ್ನ ಸಾಮಾನ್ಯವಾಗಿ ಸೋಲುತ್ತದೆ. ಅದಕ್ಕೆ ಒಂದು ಪಾಲು ಕೊಡುವದು ಲೇಸು. ರೊಟ್ಟಿ ಬಡಿಯುವಾಗ ಒಲೆಯಿಂದ ದೂರ ಕೂಡ್ರಿಸಿ ಒಂದು ಹಿಟ್ಟಿನ ಉಂಡಿ, ಸಣ್ಣ ತಾಟು ಕೊಡಿರಿ. ಬಟ್ಟೆ ಒಗೆಯುವಾಗ ಅದರ ಪಾಲಿಗೆ ಒಂದು ಕರವಸ್ತ್ರ. ಒಣಗಿದ ಬಟ್ಟೆ ತರುವಾಗ ಸಣ್ಣ ಬಟ್ಟೆಗಳನ್ನು ಬುಟ್ಟಿಗೆ ಹಾಕುವದು. ಉಳ್ಳಾಗಡ್ಡಿ, ಬಟಾಟಿಗಳನ್ನು ಚೀಲದಿಂದ ತೆಗೆದು ಬುಟ್ಟಿಯಲ್ಲಿ ಇಡುವದು. ಕಸ ಗುಡಿಸುವಾಗ ಸವೆದ ಸಣ್ಣ ಕಸಬರಿಗಿ. ಕೆಲಸ ತಡವಾಗುತ್ತದೆ, ಒಪ್ಪುತ್ತೇನೆ. ಹದಿನೈದು ಮಿನಿಟಿನ ಕೆಲಸಕ್ಕೆ ಅರ್ಧ ತಾಸು ಹಿಡಿಯುತ್ತದೆ. ಆದರೆ ಜಗಳಾಡುತ್ತ ಮಾಡಿದರೂ ಅರ್ಧ ತಾಸೇ ಹಿಡಿಯುತ್ತದೆ, ಮೇಲೆ ಇಬ್ಬರಿಗೂ ಕಣ್ಣೀರು.

ಅತ್ತಾಗ ಏನು ಮಾಡಬೇಕು?

ಹತ್ತು ಸಲ ‘ಇಲ್ಲ’ ಎಂದು, ಹನ್ನೊಂದನೆಯ ಸಲ ಅಳು ತಾಳಲಾರದೆ ಕೊಟ್ಟರೆ ಕೂಸು ಕಲಿಯುವದು ಒಂದೇ ಪಾಠ: ಹನ್ನೊಂದು ಸಲ ಅಳಬೇಕು. ಆದ್ದರಿಂದ ಸೋಲುವದಾದರೆ ಮೊದಲೇ ನಗುತ್ತ ಸೋಲಬೇಕು. ‘ಬ್ಯಾಡ’ ಎನ್ನುವ ಮುಂಚೆ ಒಂದು ಉಸಿರು ತಡೆದು, ಇದು ಯಾವ ಖಾತೆ ಎಂದು ನೋಡಿಕೊಳ್ಳಬೇಕು. ಒಮ್ಮೆ ‘ಬ್ಯಾಡ’ ಎಂದ ಮೇಲೆ ಹಿಂದೆ ಸರಿಯಬಾರದು. ಸಂಕ್ರಮಣದ ಗಡ್ಡಾ ಜಾತ್ರೆಗೆ ಕರೆದುಕೊಂಡು ಹೋಗುವಾಗ ಮನೆಯಲ್ಲಿಯೇ “ಒಂದು ಆಟಿಗಿ ಸಾಮಾನು” ಎಂದು ಹೇಳಿ ಹೊರಡಿರಿ, ಅಲ್ಲಿ ಒಂದನ್ನೇ ಕೊಡಿಸಿರಿ. ಅತ್ತರೆ ಹೊಡೆಯಬೇಡಿರಿ, ಹೆದರಿಸಬೇಡಿರಿ, ಬಿಟ್ಟು ಹೋಗುತ್ತೇನೆ ಎನ್ನಬೇಡಿರಿ. ಹತ್ತಿರ ಕೂತು ಅಳು ಮುಗಿಯಗೊಡಿರಿ. ಎರಡು ವರ್ಷದ ಕೂಸಿನ ಸಿಟ್ಟು ಸುಗ್ಗಿಯ ಮೋಡದಂತೆ, ತಡೆಯಲಿಕ್ಕೆ ಹೋಗದಿದ್ದರೆ ಬೇಗ ಸರಿಯುತ್ತದೆ.

ಮನೆಯವರ ಒಮ್ಮತ

ಕೂಡಿದ ಮನೆಯಲ್ಲಿ ತಾಯಿ ‘ಬ್ಯಾಡ’ ಎಂದದ್ದನ್ನು ಮುತ್ಯಾ ಕೊಡುತ್ತಾರೆ, ಆಯಿ ಒಳಗೆ ಕರೆದು ಸಂತೈಸುತ್ತಾರೆ, ದೊಡ್ಡಪ್ಪ ಗದರಿಸುತ್ತಾನೆ. ನಮ್ಮ ಗಡಿ ಭಾಗದ ಮನೆಗಳಲ್ಲಿ ಇನ್ನೊಂದು ವಿಶೇಷ. ಒಬ್ಬರು ‘ಬ್ಯಾಡ’ ಎಂದರೆ, ಮರಾಠಿ ಸಾಲಿ ಕಲಿತವರು ‘ನಕೋ’ ಎನ್ನುತ್ತಾರೆ, ಕಾಲೇಜಿನ ಹುಡುಗರು ‘ನೋ’ ಎನ್ನುತ್ತಾರೆ. ಎರಡು ಮೂರು ಭಾಷೆಗಳಿಂದ ಕೂಸಿಗೆ ತೊಂದರೆ ಇಲ್ಲ, ಅದು ಎಲ್ಲವನ್ನೂ ಕಲಿಯುತ್ತದೆ. ತೊಂದರೆ ಇರುವದು ಎರಡು ಮೂರು ಕಾಯ್ದೆಗಳಿಂದ. ಒಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಮೊದಲನೆಯ ಖಾತೆಯನ್ನು ಒಪ್ಪಿಕೊಳ್ಳಿರಿ. ಆ ನಾಲ್ಕೈದು ಕಲಮುಗಳಲ್ಲಿ ಮುತ್ಯಾನೂ ರಿಯಾಯಿತಿ ಕೊಡುವಂತಿಲ್ಲ. ಉಳಿದದ್ದರಲ್ಲಿ ಮುತ್ಯಾ-ಮೊಮ್ಮಕ್ಕಳ ವ್ಯವಹಾರ ಅವರವರಿಗೆ ಬಿಟ್ಟದ್ದು.

ಕೊನೆಗೆ ಗಂಡಸರಿಗೆ ಒಂದು ಮಾತು. ಮುಂಜಾನೆ ಆರರಿಂದ ಒಂಬತ್ತರವರೆಗೆ ಒಬ್ಬ ಹೆಣ್ಣುಮಗಳು ನೀರು, ಒಲೆ, ಬುತ್ತಿ, ಪಾತ್ರೆ, ಕೂಸು ಎಂದು ಐದು ಕಡೆ ಓಡಾಡುತ್ತಿರುವಾಗ ಅವಳ ಬಾಯಿಂದ ‘ಬ್ಯಾಡ’ ಬಿಟ್ಟು ಬೇರೆ ಮಾತು ಬರುವದು ಕಠಿಣ. ತಾಳ್ಮೆಗೂ ಪುರುಸೊತ್ತು ಬೇಕು. ಆ ಮೂರು ತಾಸಿನಲ್ಲಿ ಒಂದು ತಾಸು ಕೂಸನ್ನು ಹೊರಗೆ ಒಯ್ದು ಎತ್ತು, ಕರು, ಗಿಡ ತೋರಿಸಿಕೊಂಡು ಬಂದರೆ ಒಂದು ಪುಟ ಉಪದೇಶಕ್ಕಿಂತ ಹೆಚ್ಚು ಉಪಕಾರವಾಗುತ್ತದೆ. ಆ ಮುಂಜಾನೆಯ ನಂತರ ನಮ್ಮ ಮನೆಯಲ್ಲಿ ಬಿಸಿ ನೀರು ಬೆರೆಸುವದು ಹಾಗೂ ಅಷ್ಟು ಹೊತ್ತು ಕೂಸನ್ನು ಹಿಡಿದುಕೊಳ್ಳುವದು ಗಂಡಸರ ಕೆಲಸವೆಂದು ಗೊತ್ತಾಗಿದೆ. ಚಪ್ಪಲಿ ಇಂದಿಗೂ ಅದಲುಬದಲೇ ಆಗುತ್ತದೆ. ಯಾರೂ ಏನೂ ಅನ್ನುವದಿಲ್ಲ. ಈಗ ಯಾರಾದರೂ ‘ಬ್ಯಾಡ’ ಎಂದರೆ ಆ ಕೂಸು ನಿಂತು ನೋಡುತ್ತದೆ.

ಮನೆಯಲ್ಲಿ ಮಾಡಬೇಕಾದ ಅಭ್ಯಾಸ

1. ಒಂದು ದಿನ ಮುಂಜಾನೆ ಮನೆಯಲ್ಲಿ ಎಲ್ಲರೂ ಕೂಡಿ ಕೂಸಿಗೆ ಎಷ್ಟು ಸಲ ‘ಬ್ಯಾಡ’ ಎಂದಿರಿ ಎಂದು ಗೆರೆ ಎಳೆದು ಎಣಿಸಿರಿ.

2. ಅವುಗಳನ್ನು ಮೂರು ಖಾತೆಗೆ ಹಂಚಿರಿ. ಮೊದಲನೆಯ ಖಾತೆಯಲ್ಲಿ ಐದಕ್ಕಿಂತ ಹೆಚ್ಚು ಕಲಮು ಬಂದರೆ ಮನೆಯ ಸಾಮಾನನ್ನು ಸರಿಯಾಗಿ ಇಟ್ಟಿಲ್ಲವೆಂದು ಅರ್ಥ. ಮೊದಲು ಅದನ್ನು ಸರಿಪಡಿಸಿರಿ.

3. ಕೂಸಿನ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು ಅಡುಗೆಮನೆ, ಬಚ್ಚಲು, ಕಾಳಿನ ಕೋಣೆಗಳನ್ನು ಒಮ್ಮೆ ನೋಡಿರಿ. ಕೈಗೆ ಸಿಗಬಾರದ್ದು ಏನು ಸಿಗುತ್ತದೆ?

4. ಮುಂಜಾನೆಯ ಕೆಲಸಗಳಲ್ಲಿ ಕೂಸಿಗೆ ಕೊಡಬಹುದಾದ ಒಂದು ಪಾಲನ್ನೂ, ಮನೆಯ ಗಂಡಸರು ಹೊರಬಹುದಾದ ಒಂದು ಪಾಲನ್ನೂ ಗೊತ್ತುಮಾಡಿರಿ.

ಏಳು ದಿನ ಬಿಟ್ಟು ಮತ್ತೆ ಎಣಿಸಿರಿ. ಎರಡೂ ಲೆಕ್ಕಗಳನ್ನು ಬರುವ ತಿಂಗಳ ಸಭೆಗೆ ತಂದರೆ ಎಲ್ಲರೂ ಕೂತು ಮಾತಾಡೋಣ.


ಕಾರ್ಯದರ್ಶಿ